ಗೇಟ್‌ನಲ್ಲಿ 'ಊದಿ' ಅಂದಾಗ: ಕೆಲಸದ ಜಾಗದಲ್ಲಿ ಮದ್ಯ ಮತ್ತು ಡ್ರಗ್ ಪರೀಕ್ಷೆ ಹೇಗೆ ನಡೆಯುತ್ತದೆ

ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವ ಕೆಲಸ ನನ್ನದು. ಮೊದಲ ಶಿಫ್ಟ್ ಬೆಳಿಗ್ಗೆ ಆರಕ್ಕೆ. ಐದೂ ಮುಕ್ಕಾಲಿಗೆ ನಾನು ಊದುವ ಮೆಷಿನ್ ಹಿಡಿದು ಗೇಟ್‌ನಲ್ಲಿ ನಿಂತಿರುತ್ತೇನೆ. ಲಾರಿ ಡ್ರೈವರ್‌ಗಳು, ಲೋಡಿಂಗ್‌ನವರು, ಕಾಫಿಯ ಸಿಪ್ಪೆ ತೆಗೆಯುವ ಹಲ್ಲರ್ ಮೆಷಿನ್ ಓಡಿಸುವವರು ಒಬ್ಬೊಬ್ಬರಾಗಿ ಬಂದು ಊದಿ ಒಳಗೆ ಹೋಗುತ್ತಾರೆ.

ಇಷ್ಟು ವರ್ಷ ನಿಂತು ನೋಡಿದ್ದರಲ್ಲಿ ನನಗೆ ಚೆನ್ನಾಗಿ ಗೊತ್ತಾದ ವಿಷಯ ಒಂದಿದೆ. ನಮ್ಮ ಗೇಟ್‌ನಲ್ಲಿ ಸಿಕ್ಕಿಬೀಳುವವರಲ್ಲಿ ಬೆಳಿಗ್ಗೆ ಕುಡಿದು ಬಂದವರು ತುಂಬಾ ಕಡಿಮೆ. ಹೆಚ್ಚಿನವರು ರಾತ್ರಿ ಕುಡಿದು, ಮಲಗಿ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, 'ಈಗ ಏನೂ ಇಲ್ಲ' ಅಂತ ನಂಬಿ ಬಂದವರು. ಅವರು ಸುಳ್ಳು ಹೇಳುವುದಿಲ್ಲ. ಅವರಿಗೆ ಲೆಕ್ಕ ಗೊತ್ತಿರುವುದಿಲ್ಲ ಅಷ್ಟೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ. ತೋಟದ ಜೀಪ್ ಓಡಿಸುವವರಿಗೆ, ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಮರ ಹತ್ತುವವರಿಗೆ, ಪ್ರವಾಸಿಗಳನ್ನು ಟ್ಯಾಕ್ಸಿಯಲ್ಲಿ ಕರೆದೊಯ್ಯುವವರಿಗೆ, ರೆಸಾರ್ಟ್‌ನಲ್ಲಿ ದುಡಿಯುವವರಿಗೂ ಇದು ಬೇಕಾಗಬಹುದು.

ಮೊದಲು ನಿಯಮದ ಕಾಗದ ಕೇಳಿ

ಖಾಸಗಿ ಕಂಪನಿಗಳೆಲ್ಲ ತಮ್ಮ ಕೆಲಸಗಾರರನ್ನು ಕಡ್ಡಾಯವಾಗಿ ಪರೀಕ್ಷೆ ಮಾಡಲೇಬೇಕು ಅಂತ ಹೇಳುವ ಒಂದೇ ಕಾನೂನು ನಮ್ಮ ದೇಶದಲ್ಲಿಲ್ಲ. ವಿಮಾನ ಹಾರಿಸುವವರಿಗೆ ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮ ಬೇರೆಯೇ ಇದೆ. ಅಲ್ಲಿ ಉಸಿರಿನಲ್ಲಿ ಮದ್ಯ ಸೊನ್ನೆ ಇರಬೇಕು. ನಮ್ಮಂಥ ಕಡೆ ಎಲ್ಲವೂ ಕಂಪನಿಯ ನಿಯಮ, ಸ್ಟ್ಯಾಂಡಿಂಗ್ ಆರ್ಡರ್ (ಕೆಲಸದ ಷರತ್ತು, ಶಿಸ್ತಿನ ಲಿಖಿತ ನಿಯಮ) ಮತ್ತು ನೀವು ಸಹಿ ಹಾಕಿದ ನೇಮಕಾತಿ ಪತ್ರದ ಮೇಲೆ ನಿಂತಿರುತ್ತದೆ.

ಹಾಗಾಗಿ ಕೆಲಸಕ್ಕೆ ಸೇರುವಾಗಲೇ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ. ಯಾರಿಗೆಲ್ಲ ಪರೀಕ್ಷೆ? ಯಾವಾಗ, ದಿನಾ ಗೇಟ್‌ನಲ್ಲೋ, ಅಪಘಾತ ಆದಮೇಲೋ, ಅಥವಾ ಚೀಟಿ ಎತ್ತಿದ ಹಾಗೆ ಯಾರನ್ನಾದರೂ ಕರೆದೋ? ಮಿತಿ ಎಷ್ಟು, ಸೊನ್ನೆಯೋ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯವೋ? ಪಾಸಿಟಿವ್ ಬಂದರೆ ಮುಂದೆ ಏನು? ಕಾಗದ ಇಂಗ್ಲಿಷ್‌ನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ. ನಾಚಿಕೊಳ್ಳುವಂಥದ್ದು ಏನಿಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಿ ಆಮೇಲೆ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ನಿಮ್ಮನ್ನು ಕೈ ಹಿಡಿದು ಬಲವಂತವಾಗಿ ಊದಿಸುವುದಾಗಲಿ, ಸೂಜಿ ಚುಚ್ಚಿ ರಕ್ತ ತೆಗೆಯುವುದಾಗಲಿ ಕಂಪನಿಯ ಕೈಲಾಗುವುದಿಲ್ಲ. ನಿಮ್ಮ ಒಪ್ಪಿಗೆ ಬೇಕು. ಆದರೆ ಒಪ್ಪದಿದ್ದರೆ ಪಾಸಿಟಿವ್ ಬಂದಂತೆಯೇ ಲೆಕ್ಕ ಅಂತ ಎಷ್ಟೋ ಕಂಪನಿಗಳ ನಿಯಮದಲ್ಲಿ ಬರೆದಿರುತ್ತದೆ. ಅದಕ್ಕೇ ಮೊದಲೇ ಓದಿ ಅಂತ ಹೇಳುವುದು.

ಊದುವ ಮೆಷಿನ್ ಒಳಗೆ ಏನಿದೆ

ಕೆಲಸದ ಜಾಗದಲ್ಲಿ ಬಳಸುವ ಒಳ್ಳೆಯ ಮೆಷಿನ್‌ಗಳಲ್ಲಿ ಫ್ಯುಯಲ್ ಸೆಲ್ ಇರುತ್ತದೆ. ಪ್ಲಾಟಿನಂ ಲೇಪದ ಒಂದು ಸಣ್ಣ ತಟ್ಟೆ ಅಂದುಕೊಳ್ಳಿ. ಉಸಿರಿನಲ್ಲಿರುವ ಮದ್ಯ ಅದಕ್ಕೆ ತಾಗಿದಾಗ ಸಣ್ಣ ಕರೆಂಟ್ ಹುಟ್ಟುತ್ತದೆ. ಮದ್ಯ ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ. ಮೆಷಿನ್ ಅದನ್ನು ಅಂಕಿಯಾಗಿ ತೋರಿಸುತ್ತದೆ. ಶ್ವಾಸಕೋಶದ ಆಳದಿಂದ ಬರುವ ಉಸಿರಿಗಿಂತ ರಕ್ತದಲ್ಲಿ ಸುಮಾರು 2100 ಪಟ್ಟು ಮದ್ಯ ಇರುತ್ತದೆ ಅನ್ನುವ ಲೆಕ್ಕದ ಮೇಲೆ ಈ ಅಂಕಿ ನಿಂತಿದೆ. ಅದಕ್ಕೇ ನಾಲ್ಕಾರು ಸೆಕೆಂಡ್ ಬಿಡದೆ ಊದಲು ಹೇಳುತ್ತಾರೆ. ಸುಮ್ನೆ 'ಉಫ್' ಅಂದರೆ ಬರೀ ಬಾಯಿಯ ಗಾಳಿ ಹೋಗುತ್ತದೆ.

ಊದುವ ಮುಂಚೆ ನೀವು ನೋಡಬೇಕಾದದ್ದು ಇಷ್ಟು. ಕೊಳವೆ ಹೊಸದಾಗಿರಬೇಕು, ಕವರ್ ನಿಮ್ಮ ಎದುರಿಗೇ ಒಡೆಯಬೇಕು. ಊದುವ ಮೊದಲು ಮೆಷಿನ್ ಸೊನ್ನೆ ತೋರಿಸಬೇಕು. ಮೆಷಿನ್ ಮೇಲೆ ಕ್ಯಾಲಿಬ್ರೇಶನ್ ಸ್ಟಿಕ್ಕರ್ ಇರಬೇಕು, ಅದರ ತಾರೀಖು ಮುಗಿದಿರಬಾರದು. ತಯಾರಕರು ಹೇಳಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮೆಷಿನ್‌ನ ಲೆಕ್ಕ ಸರಿ ಇದೆಯಾ ಅಂತ ನೋಡಿಸಲೇಬೇಕು.

ಈ ಸ್ಟಿಕ್ಕರ್ ವಿಷಯ ನನಗೆ ಮನಸ್ಸಿಗೆ ತಾಗಿದ್ದು. ನಾನು ಮೊದಲು ಕೆಲಸ ಮಾಡಿದ ಕಡೆ ಒಬ್ಬ ಡ್ರೈವರ್ ಅಣ್ಣ ಊದಿದಾಗ 40 ಬಂತು. ಅವರು ಕುಡಿಯುವವರೇ ಅಲ್ಲ. ಎಷ್ಟು ಹೇಳಿದರೂ ಕೇಳದೆ ಮೂರು ದಿನ ಮನೆಗೆ ಕಳುಹಿಸಿದರು. ಸಾಕ್ಷಿ ಸಹಿ ನಾನೇ ಹಾಕಿದ್ದೆ. ವಾರದ ನಂತರ ನೋಡಿದರೆ ಆ ಮೆಷಿನ್‌ನ ಕ್ಯಾಲಿಬ್ರೇಶನ್ ಮುಗಿದು ಒಂದೂವರೆ ವರ್ಷ ಆಗಿತ್ತು. ಅವರ ಮೂರು ದಿನದ ಸಂಬಳ ವಾಪಸ್ ಬಂತು. ಆದರೆ ಲೈನ್ ಮನೆಯಲ್ಲಿ ಹರಡಿದ ಮಾತನ್ನು ವಾಪಸ್ ತರಲು ಯಾರಿಂದಲೂ ಆಗಲಿಲ್ಲ. ಅವತ್ತಿಂದ ಸ್ಟಿಕ್ಕರ್ ನೋಡದೆ ನಾನು ಯಾರಿಂದಲೂ ಊದಿಸಿಲ್ಲ.

ಅಂಕಿ ಯಾವ ಅಳತೆಯಲ್ಲಿದೆ ಅನ್ನುವುದನ್ನೂ ನೋಡಿ. ಕೆಲವು ಮೆಷಿನ್ 100 ಮಿಲಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಅಂತ ತೋರಿಸುತ್ತವೆ. ಕೆಲವು ಶೇಕಡಾದಲ್ಲಿ. ಇನ್ನು ಕೆಲವು ಒಂದು ಲೀಟರ್ ಉಸಿರಿಗೆ ಎಷ್ಟು ಅಂತ. 30 ಮಿಲಿಗ್ರಾಂ, ಶೇಕಡಾ 0.03, ಲೀಟರ್ ಉಸಿರಿಗೆ ಸುಮಾರು 0.14 ಮಿಲಿಗ್ರಾಂ, ಈ ಮೂರೂ ಹೆಚ್ಚುಕಮ್ಮಿ ಒಂದೇ.

ಬಾಯಲ್ಲಿ ಉಳಿದದ್ದು, ರಕ್ತದಲ್ಲಿ ಇರುವುದು

ನಮ್ಮಲ್ಲಿ ಬೀಜ ಆರಿಸುವ ವಿಭಾಗದ ಒಬ್ಬ ಹೆಣ್ಣುಮಗಳು ಬಾಣಂತನ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಮೆಷಿನ್ ಕೂಗಿತು. ಅವಳ ಮುಖ ಬಿಳಿಚಿಕೊಂಡಿತು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಅವಳನ್ನು ಪಕ್ಕದ ರೂಮಿಗೆ ಕರೆದು ಕೂರಿಸಿ, "ಬರುವ ಮುಂಚೆ ಏನು ತಗೊಂಡೆ ತಂಗಿ?" ಅಂತ ಕೇಳಿದೆ. "ದಶಮೂಲಾರಿಷ್ಟ ಅಕ್ಕ, ಅತ್ತೆ ಕೊಟ್ರು, ಗೇಟ್ ಹತ್ರ ಬಸ್ ಇಳಿಯುವಾಗ ಕುಡ್ದೆ" ಅಂದಳು. ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದೆ. ಇಪ್ಪತ್ತು ನಿಮಿಷ ಸುಮ್ನೆ ಕೂತೆವು. ಮಗುವಿನ ಬಗ್ಗೆ ಮಾತಾಡಿದೆವು. ಮತ್ತೆ ಊದಿದಾಗ ಸೊನ್ನೆ.

ಅರಿಷ್ಟ, ಆಸವಗಳು ಹುದುಗಿಸಿ ಮಾಡುವ ಔಷಧಿಗಳು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯ ಇರುತ್ತದೆ. ಕೆಲವು ಮೌತ್‌ವಾಶ್, ಹೋಮಿಯೋಪತಿ ದ್ರಾವಣ, ಕೆಲವು ಕೆಮ್ಮಿನ ಸಿರಪ್‌ಗಳೂ ಹಾಗೆಯೇ. ಇವು ಬಾಯಿಯ ಒಳಗೆ ಅಂಟಿಕೊಂಡಿರುವಾಗ ಊದಿದರೆ ಮೆಷಿನ್‌ಗೆ ರಕ್ತದ್ದು ಯಾವುದು, ಬಾಯಿಯದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಸುಮಾರು 15 ನಿಮಿಷದಲ್ಲಿ ಬಾಯಿಯ ಮದ್ಯ ಹೋಗಿಬಿಡುತ್ತದೆ. ನಿಜವಾಗಿ ಕುಡಿದಿದ್ದರೆ ರಕ್ತದ ಮದ್ಯ ಅಷ್ಟರಲ್ಲಿ ಹೋಗುವುದಿಲ್ಲ. ಎರಡನೇ ಸಲ ಊದಿಸುವುದರ ಅರ್ಥ ಇದೇ.

ಹಲಸಿನ ಹಣ್ಣಿನ ಕಾಲದಲ್ಲೂ ಸ್ವಲ್ಪ ಎಚ್ಚರ ಬೇಕು. 2025ರ ಜುಲೈನಲ್ಲಿ ಪಕ್ಕದ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಕುಡಿಯದ ಡ್ರೈವರ್‌ಗಳ ಉಸಿರಿನಲ್ಲಿ ಮೆಷಿನ್ ಮದ್ಯ ತೋರಿಸಿತು. ಕೊನೆಗೆ ನೋಡಿದರೆ ಅವರು ತಿಂದಿದ್ದ ಚೆನ್ನಾಗಿ ಕಳಿತ ಹಲಸಿನ ತೊಳೆ ಕಾರಣ. ಮಳೆಗಾಲದಲ್ಲಿ ನಮ್ಮ ತೋಟಗಳಲ್ಲೂ ಹಲಸು ಹಾಗೇ ಕಳಿತು ಬಿದ್ದಿರುತ್ತದೆ ಅಲ್ವಾ? ತಿಂದ ಕೂಡಲೇ ಊದಬೇಡಿ, ತಿಂದಿದ್ದರೆ ಹೇಳಿ. ಊದುವ ಮುಂಚೆ ಕೈಗೆ ಸ್ಯಾನಿಟೈಸರ್ ಹಚ್ಚಬೇಡಿ, ಅದರ ಆವಿಯೂ ಅಂಕಿ ಏರಿಸಬಹುದು.

ಹಾಗಾಗಿ ಮೊದಲ ಸಲ ಅಂಕಿ ಬಂದರೆ ಗಾಬರಿಯಾಗಬೇಡಿ, ಜಗಳವಾಡಬೇಡಿ. "ಬಾಯಿ ತೊಳೆದು ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಊದುತ್ತೇನೆ, ಎರಡೂ ಅಂಕಿ, ಎರಡೂ ಸಮಯ ಬರೆದುಕೊಳ್ಳಿ" ಅಂತ ಕೇಳಿ.

ರಾತ್ರಿಯ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮದ್ಯವನ್ನು ದೇಹದಿಂದ ತೆಗೆಯುವ ಕೆಲಸ ಬಹುಪಾಲು ಲಿವರ್‌ನದ್ದು. ಅದು ತನ್ನದೇ ವೇಗದಲ್ಲಿ ಮಾಡುತ್ತದೆ. 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ. ಕೆಲವರಲ್ಲಿ 10, ಕೆಲವರಲ್ಲಿ 20. ತಣ್ಣೀರು ಸ್ನಾನ, ಮಜ್ಜಿಗೆ, ನಿಂಬೆಹಣ್ಣು, ವಾಂತಿ ಮಾಡುವುದು, ಯಾವುದರಿಂದಲೂ ಈ ವೇಗ ಹೆಚ್ಚುವುದಿಲ್ಲ. ನಮ್ಮ ಊರಿನ ಗಟ್ಟಿ ಕಾಫಿ ಕುಡಿದರೆ ನಿದ್ದೆ ಹೋಗಬಹುದು, ಮದ್ಯ ಹೋಗುವುದಿಲ್ಲ. ಏಲಕ್ಕಿ, ಪಾನ್ ಮಸಾಲ ವಾಸನೆ ಮುಚ್ಚುತ್ತವೆ. ಮೆಷಿನ್‌ಗೆ ವಾಸನೆ ಜೊತೆ ಕೆಲಸವೇ ಇಲ್ಲ.

ಈಗ ಒಂದು ಕ್ವಾರ್ಟರ್ ತೆಗೆದುಕೊಳ್ಳಿ. 180 ಮಿಲಿಲೀಟರ್, ಶೇಕಡಾ 42.8ರ ಬ್ರಾಂದಿ ಅಥವಾ ವಿಸ್ಕಿ. ಅದರಲ್ಲಿ ಶುದ್ಧ ಮದ್ಯ ಸುಮಾರು 60 ಗ್ರಾಂ. ಅರವತ್ತು ಕಿಲೋ ತೂಕದ ಗಂಡಸು ಮದುವೆ ಮನೆಯಲ್ಲಿ ರಾತ್ರಿ ಹತ್ತಕ್ಕೆ ಶುರು ಮಾಡಿ ಹನ್ನೆರಡೂವರೆಗೆ ಮುಗಿಸಿದ ಅನ್ನೋಣ. ಆ 60 ಗ್ರಾಂ ಅವನ ಮೈಯಲ್ಲಿ ಹರಡಿದರೆ ಒಟ್ಟು ಲೆಕ್ಕ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 140 ಮಿಲಿಗ್ರಾಂ. ಹತ್ತು ಗಂಟೆಯಿಂದ ಲಿವರ್ ಗಂಟೆಗೆ 15ರಂತೆ ತೆಗೆಯುತ್ತಾ ಬಂತು. ಬೆಳಿಗ್ಗೆ ಐದಕ್ಕೆ ಅವನು ಬೈಕ್ ಹತ್ತುವಾಗ ಏಳು ಗಂಟೆ ಆಗಿದೆ, 105 ಹೋಗಿದೆ. ಇನ್ನೂ 35 ಉಳಿದಿದೆ. ರಸ್ತೆಯ ಮಿತಿ 30. ಅಂದರೆ ಮನೆ ಅಂಗಳ ದಾಟುವಾಗಲೇ ಅವನು ಕಾನೂನು ಮುರಿದಾಯಿತು. ಐದೂ ಮುಕ್ಕಾಲಿಗೆ ನನ್ನ ಗೇಟ್‌ಗೆ ಬಂದಾಗ ಸುಮಾರು 24. ರಸ್ತೆಯಲ್ಲಿ ಪೊಲೀಸರು ಬಿಡಬಹುದು. ನಮ್ಮಲ್ಲಿ ಮಿತಿ ಸೊನ್ನೆ, ಹಾಗಾಗಿ ಪಾಸಿಟಿವ್. ಪೂರ್ತಿ ಸೊನ್ನೆಯಾಗುವುದು ಏಳೂವರೆ ಸುಮಾರಿಗೆ.

ಇದು ಅಂದಾಜು ಲೆಕ್ಕ. ತೂಕ ಕಡಿಮೆ ಇದ್ದರೆ ಅಂಕಿ ಏರುತ್ತದೆ. ಹೆಂಗಸರಲ್ಲಿ ಅಷ್ಟೇ ಕುಡಿತಕ್ಕೆ ಇನ್ನೂ ಜಾಸ್ತಿ ಬರುತ್ತದೆ. ಕ್ವಾರ್ಟರ್ ಜೊತೆ ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್ ಸೇರಿದರೆ ಇನ್ನೂ 40 ಗ್ರಾಂ ಸೇರಿತು. ಆಗ ಮರುದಿನ ಮಧ್ಯಾಹ್ನದವರೆಗೂ ಬಿಡುವುದಿಲ್ಲ.

ಕೊಡಗಿನಲ್ಲಿ ಹಬ್ಬ, ಮದುವೆ, ಕೈಲ್‌ಪೊಳ್ದ್, ಪುತ್ತರಿ ಅಂದರೆ ಗ್ಲಾಸ್ ಬರುವುದು ಸಹಜ. ಅದನ್ನು ನಾನು ತಪ್ಪು ಅನ್ನುವುದಿಲ್ಲ. ನಾನು ಹುಟ್ಟಿ ಬೆಳೆದದ್ದೂ ಇದೇ ಊರಲ್ಲಿ. ಆದರೆ ಮರುದಿನ ಮೊದಲ ಶಿಫ್ಟ್ ಇದ್ದರೆ ಮೊದಲೇ ರಜೆ ಹಾಕಿ, ಇಲ್ಲ ಎರಡನೇ ಶಿಫ್ಟ್ ಕೇಳಿ. ಪುತ್ತರಿಯ ಮರುದಿನಕ್ಕೆ ನಾವು ಈಗ ಮೊದಲೇ ಶಿಫ್ಟ್ ಬದಲಾಯಿಸುತ್ತೇವೆ. ಮನೆಯಲ್ಲಿ ಮಾಡಿದ ವೈನ್, ನೆಲ್ಲಿಕಾಯಿಯದ್ದಾಗಲಿ ದ್ರಾಕ್ಷಿಯದ್ದಾಗಲಿ, ಅದೂ ಮದ್ಯವೇ. "ವೈನ್ ಅಷ್ಟೇ ಅಕ್ಕ" ಅನ್ನುವ ಮಾತು ವರ್ಷಕ್ಕೆ ಹತ್ತು ಸಲ ಕೇಳುತ್ತೇನೆ.

ಡ್ರಗ್ ಪರೀಕ್ಷೆ: ಮೂತ್ರದ ಕಪ್

ಇದು ದಿನಾ ನಡೆಯುವುದಲ್ಲ. ಕೆಲಸಕ್ಕೆ ಸೇರುವಾಗ, ಅಪಘಾತದ ನಂತರ, ಅಥವಾ ಗಟ್ಟಿ ಅನುಮಾನ ಇದ್ದಾಗ ಮಾಡುತ್ತಾರೆ. ಸಾಮಾನ್ಯವಾಗಿ ಗಾಂಜಾ, ಅಫೀಮಿನ ಜಾತಿಯವು, ಕೊಕೇನ್, ಆಂಫೆಟಮೈನ್, ನಿದ್ದೆ ಮಾತ್ರೆಯ ಜಾತಿಯ ಬೆಂಜೋಡಯಜಪೀನ್ ಹುಡುಕುತ್ತಾರೆ. ಅಡಿಕೆ, ಹೊಗೆಸೊಪ್ಪು ಈ ಪಟ್ಟಿಯಲ್ಲಿಲ್ಲ.

ನಡೆಯುವ ಕ್ರಮ ಹೀಗೆ. ಗುರುತಿನ ಚೀಟಿ ನೋಡುತ್ತಾರೆ. ಜಾಕೆಟ್, ಚೀಲ ಹೊರಗೆ ಇಡಲು ಹೇಳುತ್ತಾರೆ. ಸೀಲ್ ಇರುವ ಕಪ್ ಕೊಡುತ್ತಾರೆ. ನೀವು ಬಾಗಿಲು ಹಾಕಿಕೊಂಡು ಒಬ್ಬರೇ ಕೊಡಬಹುದು. ಕಪ್ ಕೈಗೆ ಬಂದ ನಾಲ್ಕು ನಿಮಿಷದೊಳಗೆ ಅದರ ಬಿಸಿ ನೋಡುತ್ತಾರೆ. 32ರಿಂದ 38 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಆಗಷ್ಟೇ ಬಂದ ಮೂತ್ರ ಅಂತ. ನೀರು ಬೆರೆಸಿದರೂ ಲ್ಯಾಬ್‌ನಲ್ಲಿ ಕ್ರಿಯಾಟಿನಿನ್ (ಮೂತ್ರದಲ್ಲಿ ಸಹಜವಾಗಿ ಇರುವ ಒಂದು ವಸ್ತು) ಅಳತೆಯಿಂದ ಗೊತ್ತಾಗುತ್ತದೆ. ಹೆದರಿಕೊಂಡು ಎರಡು ಲೀಟರ್ ನೀರು ಕುಡಿದು ಬಂದವರ ಸ್ಯಾಂಪಲ್ಲೂ 'ತೆಳು' ಅಂತ ವಾಪಸ್ ಬರಬಹುದು, ಆಗ ಮತ್ತೆ ಕೊಡಬೇಕು.

ಆಮೇಲೆ ಸ್ಯಾಂಪಲ್ ಅನ್ನು ಎರಡು ಬಾಟಲಿಗೆ ಹಂಚಿ, ನಿಮ್ಮ ಎದುರಿಗೇ ಸೀಲ್ ಮಾಡಬೇಕು. ಸೀಲ್ ಮೇಲೆ ನಿಮ್ಮ ಸಹಿ, ತಾರೀಖು. ಒಂದು ಬಾಟಲಿ ಪರೀಕ್ಷೆಗೆ. ಇನ್ನೊಂದು ಹಾಗೇ ಇರುತ್ತದೆ, ನೀವು ಫಲಿತಾಂಶ ಒಪ್ಪದಿದ್ದರೆ ಬೇರೆ ಲ್ಯಾಬ್‌ಗೆ ಕಳುಹಿಸಲು. ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಎಷ್ಟು ಗಂಟೆಗೆ ಅನ್ನುವ ಚೀಟಿ ಬಾಟಲಿಯ ಜೊತೆಗೇ ಹೋಗುತ್ತದೆ. ಆ ಚೀಟಿಯಲ್ಲಿ ಒಂದು ಕೊಂಡಿ ತಪ್ಪಿದರೂ ಫಲಿತಾಂಶದ ಬೆಲೆ ಬಿದ್ದುಹೋಗುತ್ತದೆ. ಸೀಲ್ ಆಗುವ ಮುಂಚೆ ಬಾಟಲಿಯಿಂದ ಕಣ್ಣು ತೆಗೆಯಬೇಡಿ.

ಕಪ್‌ನಲ್ಲೇ ಗೆರೆ ಮೂಡುವ ಪರೀಕ್ಷೆ ಬರೀ ಮೊದಲ ಸುತ್ತು. ಅದು ಒಂದೇ ಜಾತಿಯ ಬೇರೆ ಔಷಧಿಗಳನ್ನೂ ಗುರುತು ತಪ್ಪಿ ಹಿಡಿಯುತ್ತದೆ. ಅದರಲ್ಲಿ ಪಾಸಿಟಿವ್ ಬಂದರೆ ಲ್ಯಾಬ್‌ನಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ಇದು ಇಂಥದ್ದೇ ವಸ್ತು ಅಂತ ಖಚಿತವಾಗಿ ಗುರುತಿಸುವ ಪರೀಕ್ಷೆ ಆಗಬೇಕು. ಬರೀ ಕಪ್‌ನ ಗೆರೆ ನೋಡಿ ಯಾರನ್ನೂ ಕೆಲಸದಿಂದ ತೆಗೆಯಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಮೂತ್ರದಲ್ಲಿ ಎಷ್ಟು ದಿನ ಸಿಗುತ್ತದೆ? ಕೊಕೇನ್, ಆಂಫೆಟಮೈನ್, ಅಫೀಮಿನವು ಎರಡರಿಂದ ನಾಲ್ಕು ದಿನ. ಗಾಂಜಾ ಒಂದೇ ಸಲ ಸೇದಿದರೆ ಸುಮಾರು ಮೂರು ದಿನ. ದಿನಾ ಸೇದುವವರಲ್ಲಿ ತಿಂಗಳು ಅಥವಾ ಅದಕ್ಕೂ ಜಾಸ್ತಿ, ಯಾಕೆಂದರೆ ಅದು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಗೆ ಬರುತ್ತದೆ. ಇಲ್ಲಿ ಒಂದು ಮಿತಿಯೂ ಇದೆ. ಉಸಿರಿನ ಪರೀಕ್ಷೆ ಈ ಹೊತ್ತಿನ ಸ್ಥಿತಿ ಹೇಳುತ್ತದೆ. ಮೂತ್ರದ ಪರೀಕ್ಷೆ 'ಹಿಂದೆ ಯಾವಾಗಲೋ ತೆಗೆದುಕೊಂಡಿದ್ದ' ಅಂತ ಮಾತ್ರ ಹೇಳುತ್ತದೆ. ಕೆಲಸದ ಹೊತ್ತಿನಲ್ಲಿ ಅಮಲಿತ್ತು ಅಂತ ಅದರಿಂದ ಹೇಳಲಾಗುವುದಿಲ್ಲ.

ಔಷಧಿ, ಗಸಗಸೆ ಮೊದಲೇ ಹೇಳಿ

ಕೊಡೀನ್ ಇರುವ ಕೆಮ್ಮಿನ ಸಿರಪ್ ಅಫೀಮಿನ ಗುಂಪಿನಲ್ಲಿ ಪಾಸಿಟಿವ್ ಕೊಡುತ್ತದೆ. ಕೆಲವು ಶೀತದ ಮಾತ್ರೆಗಳು ಆಂಫೆಟಮೈನ್ ಥರ ಕಾಣಿಸುತ್ತವೆ. ಡಾಕ್ಟರ್ ಬರೆದುಕೊಟ್ಟ ನಿದ್ದೆ ಮಾತ್ರೆಯೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಚೀಟಿ, ಮಾತ್ರೆಯ ಹಾಳೆ ತೆಗೆದುಕೊಂಡು ಹೋಗಿ, ಸ್ಯಾಂಪಲ್ ಕೊಡುವ ಮುಂಚೆಯೇ ಬರೆಸಿ. ಇದನ್ನು ಡಾಕ್ಟರ್‌ಗೆ ಅಥವಾ ಲ್ಯಾಬ್‌ನವರಿಗೆ ಹೇಳಿದರೆ ಸಾಕು, ಮೇಸ್ತ್ರಿಗೂ ಲೆಕ್ಕ ಬರೆಯುವ ರೈಟರ್‌ಗೂ ನಿಮ್ಮ ಕಾಯಿಲೆ ಗೊತ್ತಾಗಬೇಕಿಲ್ಲ.

ಗಸಗಸೆಯ ವಿಷಯ ಕೇಳಿ ಎಷ್ಟೋ ಜನ ನಂಬುವುದಿಲ್ಲ. ಗಸಗಸೆ ಅಫೀಮು ಗಿಡದ ಬೀಜ. ಅದರ ಮೇಲೆ ಮಾರ್ಫೀನ್, ಕೊಡೀನ್ ತುಸು ಅಂಟಿರುತ್ತದೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ 1998ರಲ್ಲಿ ಸರ್ಕಾರಿ ಪರೀಕ್ಷೆಯ ಮಿತಿಯನ್ನು ಮಿಲಿಲೀಟರ್‌ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ಹಬ್ಬದ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿದು ಮರುದಿನ ಸ್ಯಾಂಪಲ್ ಕೊಡುವುದಿದ್ದರೆ ಅದನ್ನೂ ಬರೆಸಿ.

ಪಾಸಿಟಿವ್ ಬಂದರೆ

ಮೊದಲು, ವಾಹನ ಓಡಿಸಿಕೊಂಡು ಮನೆಗೆ ಹೋಗಬೇಡಿ. ಕಂಪನಿಯೂ ಹಾಗೆ ಕಳುಹಿಸಬಾರದು. ಮನೆಯವರನ್ನು ಕರೆಸಿ, ಇಲ್ಲ ಗಾಡಿ ಮಾಡಿಕೊಡಿ ಅಂತ ಕೇಳಿ. ಸಂಪಾಜೆ ಘಾಟಿ, ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಅರ್ಧ ಸೆಕೆಂಡ್ ತಡವಾದರೆ ಏನಾಗುತ್ತದೆ ಅಂತ ಇಲ್ಲಿನವರಿಗೆ ನಾನು ಹೇಳಬೇಕಿಲ್ಲ.

ವರದಿಯ ಪ್ರತಿ ಕೇಳಿ. ಮೆಷಿನ್ ನಂಬರ್, ಎರಡೂ ಅಂಕಿ, ಸಮಯ, ಸಾಕ್ಷಿಗಳ ಹೆಸರು ಅದರಲ್ಲಿರಬೇಕು. ಒಪ್ಪಿಗೆ ಇಲ್ಲದಿದ್ದರೆ ಸಹಿಯ ಪಕ್ಕ 'ಒಪ್ಪಿಲ್ಲ, ರಕ್ತ ಪರೀಕ್ಷೆ ಬೇಕು' ಅಂತ ನಿಮ್ಮ ಕೈಯಲ್ಲೇ ಬರೆಯಿರಿ. ತಡ ಮಾಡಬೇಡಿ, ಗಂಟೆ ಕಳೆದಂತೆ ರಕ್ತದ ಅಂಕಿ ಇಳಿಯುತ್ತದೆ, ಆಮೇಲೆ ಏನೂ ತೋರಿಸಲಾಗುವುದಿಲ್ಲ. ಬಾಯಿ ವಾಸನೆ, ತೂರಾಡುವ ನಡಿಗೆ ಇಷ್ಟರಿಂದಲೇ ಕುಡಿದಿದ್ದ ಅಂತ ತೀರ್ಮಾನಿಸಲಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆ ಬೇಕು ಅಂತ ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ ಹೇಳಿದೆ. ಕೆಲಸದಿಂದ ತೆಗೆಯುವ ಮಾತು ಬಂದರೆ ನೋಟಿಸ್, ವಿಚಾರಣೆ, ನಿಮ್ಮ ಮಾತು ಹೇಳಲು ಅವಕಾಶ ಇವೆಲ್ಲ ಸಿಗಬೇಕು.

ರಸ್ತೆಯಲ್ಲಿ ಪೊಲೀಸರು ಹಿಡಿದರೆ ಅದು ಬೇರೆ ದಾರಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 30 ಮಿಲಿಗ್ರಾಂ ದಾಟಿದರೆ ಮೊದಲ ಸಲ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ದಂಡ ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ.

ಇನ್ನೊಂದು ವಿಷಯ ಮನೆಯವರಿಗೂ ಗೊತ್ತಿರಲಿ. ಕೆಲಸದಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವುದು 1923ರ ಕಾಯ್ದೆಯಿಂದ ಬಂದ ಹಕ್ಕು, ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಆದರೆ ಗಾಯಕ್ಕೆ ನೇರ ಕಾರಣ ಕುಡಿತ ಅಥವಾ ಡ್ರಗ್ ಅಂತ ಸಾಬೀತಾದರೆ ಆ ಪರಿಹಾರ ತಪ್ಪಬಹುದು. ಸಾವು ಅಥವಾ ಶಾಶ್ವತವಾದ ಪೂರ್ತಿ ಅಂಗವೈಕಲ್ಯ ಆದಾಗ ಮಾತ್ರ ಈ ನೆಪ ನಡೆಯುವುದಿಲ್ಲ. ಮರಗಸಿಯಲ್ಲಿ ಬಿದ್ದು ಕಾಲು ಮುರಿದರೆ, ಮೆಣಸಿನ ಏಣಿಯಿಂದ ಜಾರಿ ಕೈ ಮುರಿದರೆ, ಆರು ತಿಂಗಳ ಸಂಸಾರ ಈ ಒಂದು ಅಂಕಿಯ ಮೇಲೆ ನಿಂತಿರಬಹುದು.

ಬಿಡಲಾಗದವರಿಗೆ

ಕೆಲವರಿಗೆ ಲೆಕ್ಕ ಹೇಳಿದರೆ ಸಾಲದು. ಬೆಳಿಗ್ಗೆ ಕೈ ನಡುಗುತ್ತದೆ, ಕುಡಿದರೆ ಮಾತ್ರ ನಿಲ್ಲುತ್ತದೆ. ಅಂಥವರು ಪರೀಕ್ಷೆಗೆ ಹೆದರಿ ಒಂದೇ ದಿನದಲ್ಲಿ ಪೂರ್ತಿ ನಿಲ್ಲಿಸಿದರೆ ಅಪಾಯ. ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಭ್ರಮೆ ಹಿಡಿಯಬಹುದು, ಜೀವಕ್ಕೂ ತೊಂದರೆ ಆಗಬಹುದು. ಡಾಕ್ಟರ್ ನೋಡಿಕೊಳ್ಳುತ್ತಿರುವಾಗಲೇ ಬಿಡಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಕೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚಟ ಬಿಡಿಸುವುದಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ 14446. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಡ್ರಗ್‌ನಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತಲೂ ಹೇಳುತ್ತದೆ.

ಸಿಕ್ಕಿಬೀಳುವ ಮುಂಚೆಯೇ ಬಂದು 'ನನಗೆ ಆಗ್ತಿಲ್ಲ' ಅಂತ ಹೇಳುವವರನ್ನು ಬೇರೆ ಥರ ನೋಡುವ ನಿಯಮ ನಿಮ್ಮ ಕಂಪನಿಯಲ್ಲಿ ಇದೆಯಾ ಕೇಳಿ. ನಮ್ಮಲ್ಲಿ ಮೊದಲು ಇರಲಿಲ್ಲ, ಜಗಳ ಮಾಡಿ ಬರೆಸಿದೆವು. ಅದರ ಕೆಳಗೆ ಮೊದಲು ಬಂದವರು ಒಬ್ಬ ಹಳೆಯ ಲಾರಿ ಡ್ರೈವರ್. ಚಿಕಿತ್ಸೆ ಮುಗಿಸಿ ಬಂದಮೇಲೆ ಅವರನ್ನು ಲಾರಿಗೆ ಹಾಕದೆ ಕಾಫಿ ಒಣಗಿಸುವ ಕಣದ ಕೆಲಸಕ್ಕೆ ಹಾಕಿದೆವು, ಸಂಬಳ ಅಷ್ಟೇ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಊದುತ್ತಿದ್ದರು. ಅಂಕಿ ನನಗೆ ತೋರಿಸುವ ಮುಂಚೆ ತಾವೇ ಒಮ್ಮೆ ನೋಡಿಕೊಳ್ಳುತ್ತಿದ್ದರು. ಮೂರು ತಿಂಗಳ ನಂತರ ಒಂದು ಸೋಮವಾರ ಲಾರಿಯ ಕೀ ಅವರ ಕೈಗೆ ಕೊಟ್ಟೆವು.